ಅಟ್ಟಕ್ಕೇರುವ ಕಾಯಿ, ಲಾರಿ ಹತ್ತುವ ಎಳನೀರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದಲ್ಲಿ ಹೊಂಬಾಳೆ ಒಡೆದು ಕಾಯಿ ಕಚ್ಚಿತೆಂದರೆ ಅದರ ಮುಂದೆ ಎರಡು ದಾರಿ ಇರುತ್ತವೆ. ಆರೇಳು ತಿಂಗಳಿಗೆ ಗೊನೆ ಇಳಿಸಿದರೆ ಎಳನೀರು. ಮಾರನೆಯ ದಿನ ಅದು ಮದ್ದೂರಿನ ಮಾರುಕಟ್ಟೆಯಲ್ಲೋ ಬೆಂಗಳೂರಿನ ರಸ್ತೆ ಬದಿಯಲ್ಲೋ ಇರುತ್ತದೆ, ದುಡ್ಡು ತೋಟದಲ್ಲೇ ಕೈಗೆ ಬಂದಿರುತ್ತದೆ. ಮರದಲ್ಲೇ ಬಿಟ್ಟರೆ ಹನ್ನೊಂದು ಹನ್ನೆರಡು ತಿಂಗಳಿಗೆ ಬಲಿಯುತ್ತದೆ. ಬಲಿತದ್ದನ್ನು ಕೆಡವಿ, ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಮತ್ತೆ ಎಂಟರಿಂದ ಹನ್ನೆರಡು ತಿಂಗಳು ಕಾದರೆ ಉಂಡೆ ಕೊಬ್ಬರಿ. ಎಳನೀರಿನ ದುಡ್ಡಿಗೂ ಕೊಬ್ಬರಿಯ ದುಡ್ಡಿಗೂ ನಡುವೆ ಒಂದು ವರ್ಷಕ್ಕೂ ಹೆಚ್ಚಿನ ಕಾಲ ಬಿದ್ದಿರುತ್ತದೆ. ಈಗ ಈ ಸೀಮೆಯ ಎಷ್ಟೋ ತೋಟಗಳಿಗೆ ಎಳನೀರಿನ ಲಾರಿ ಬರುತ್ತಿರುವುದನ್ನು ಕಂಡು ಹಿರಿಯರೂ ಅಧಿಕಾರಿಗಳೂ ಒಂದು ಮಾತು ಆಡುತ್ತಾರೆ: ಹಿಂದಿನವರಿಗೆ ತಾಳ್ಮೆ ಇತ್ತು, ಈಗಿನವರಿಗೆ ಅವಸರ. ಈ ಮಾತನ್ನು ನಾನು ಒಪ್ಪುವುದಿಲ್ಲ. ಕಾಯುವುದಕ್ಕೆ ಖರ್ಚಿದೆ. ಆ ಖರ್ಚನ್ನು ಯಾರಾದರೂ ಹೊರಲೇಬೇಕು. ಕಲ್ಪತರು ನಾಡು ಎನಿಸಿಕೊಂಡ ಈ ಸೀಮೆಯ ಕೊಬ್ಬರಿಯ ಚರಿತ್ರೆಯನ್ನು ಗಮನವಿಟ್ಟು ನೋಡಿದರೆ ಅಲ್ಲಿ ಕಾಣುವುದು ಆ ಹೊರೆ ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ದಾಟುತ್ತಾ ಬಂದ ಕಥೆ.

ಮೊದಲು ಅಟ್ಟದ ಕೆಲಸ ಏನೆಂದು ನೋಡೋಣ. ಕೊಟ್ಟಿಗೆಯ ಮೇಲೋ ಮನೆಯ ಒಂದು ಅಂಕಣದ ಮೇಲೋ ಮರದ ತೊಲೆ ಹಾಯಿಸಿ, ಬಿದಿರಿನ ಅಥವಾ ಅಡಿಕೆ ಮರದ ದಬ್ಬೆಗಳನ್ನು ಸಂದು ಬಿಟ್ಟು ಹಾಸಿರುತ್ತಾರೆ. ಕೆಳಗಿನಿಂದ ಗಾಳಿ ಆಡಬೇಕು, ಮಳೆಯ ಹನಿ ತಾಗಬಾರದು. ಬಲಿತ ಕಾಯಿಯೊಳಗಿನ ನೀರು ತಿಂಗಳು ತಿಂಗಳಿಗೂ ಇಂಗುತ್ತಾ ಹೋಗಿ, ತಿರುಳು ಒಣಗಿ, ಕರಟವನ್ನು ಬಿಟ್ಟುಕೊಳ್ಳುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ನೀರಿನ ಸದ್ದು ಹೋಗಿ ಉಂಡೆ ಗಡಗಡ ಎನ್ನಬೇಕು. ಆಮೇಲೆ ಸಿಪ್ಪೆ ಸುಲಿದು, ಒಳಗಿನ ಉಂಡೆಗೆ ಪೆಟ್ಟು ತಾಗದ ಹಾಗೆ ಕರಟವನ್ನಷ್ಟೇ ಒಡೆದು ತೆಗೆಯುವ ಕೆಲಸ. ಇದನ್ನು ಬಹುಮಟ್ಟಿಗೆ ಹೆಂಗಸರೇ ಮಾಡುತ್ತಾರೆ. ಏಟು ಒಂದಿಷ್ಟು ಜೋರಾದರೆ ಉಂಡೆ ಹೋಳಾಗುತ್ತದೆ, ಹೋಳಾದದ್ದಕ್ಕೆ ಉಂಡೆಯ ಬೆಲೆ ಸಿಗುವುದಿಲ್ಲ. ಅಟ್ಟಕ್ಕೆ ಹಾಕಿದ್ದೆಲ್ಲ ಉಂಡೆಯಾಗಿ ಇಳಿಯುವುದೂ ಇಲ್ಲ. ಬಲಿಯದ ಕಾಯಿ ಕೊಳೆಯುತ್ತದೆ, ಕೆಲವು ಕೌಟಾಗುತ್ತವೆ, ಇಲಿ ಹೆಗ್ಗಣಗಳ ಪಾಲೂ ಇದೆ. ಇಷ್ಟು ದಿನ ಇಟ್ಟರೂ ಹೆಚ್ಚಿನ ಕಾಯಿ ಕೆಡದೆ ಉಳಿಯುವುದಕ್ಕೆ ಕಾರಣ ಇಲ್ಲಿನ ಒಣ ಹವೆ. ಕರಾವಳಿಯ ತೇವದ ಗಾಳಿಯಲ್ಲಿ ಹೀಗೆ ವರ್ಷಗಟ್ಟಲೆ ಇಡುವುದು ಕಷ್ಟ. ಅದಕ್ಕೇ ಕೇರಳದವರು ಕಾಯಿಯನ್ನು ಹೋಳು ಮಾಡಿ ಬಿಸಿಲಲ್ಲೋ ಗೂಡಿನಲ್ಲೋ ಒಣಗಿಸಿ ಎಣ್ಣೆಯ ಗಾಣಕ್ಕೆ ಕಳಿಸುತ್ತಾರೆ. ತಿಪಟೂರಿನ ಉಂಡೆ ಹೋಗುವುದು ಬೇರೆ ಕಡೆಗೆ: ದೆಹಲಿ, ರಾಜಸ್ಥಾನ, ಉತ್ತರ ಪ್ರದೇಶಗಳ ಒಣಹಣ್ಣಿನ ಅಂಗಡಿಗಳಿಗೆ, ಮದುವೆಯ ತಟ್ಟೆಗಳಿಗೆ, ದೀಪಾವಳಿಯ ಉಡುಗೊರೆಗಳಿಗೆ.

ಹಳೆಯ ಕಾಲದವರು ಯಾಕೆ ಕಾಯುತ್ತಿದ್ದರು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಆ ಕಾಲದ ದಾರಿಗಳನ್ನು ನೋಡಬೇಕು. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸಮೀಕ್ಷೆಗೆ ಬಂದ ಫ್ರಾನ್ಸಿಸ್ ಬುಕನನ್ ಈ ಸೀಮೆಯಲ್ಲಿ ಓಡಾಡಿದ. ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಡೆಯ ತೋಟಗಳನ್ನು, ಸಂತೆಗಳನ್ನು ನೋಡಿ ಬರೆದದ್ದು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಆಗ ಸರಕು ಸಾಗುತ್ತಿದ್ದದ್ದು ಎತ್ತಿನ ಬೆನ್ನ ಮೇಲೆ, ಗಾಡಿಯಲ್ಲಿ. ಎಳನೀರನ್ನು ಗಾಡಿಗೆ ಹೇರಿ ಬೆಂಗಳೂರಿಗೆ ಕಳಿಸಿ ಮಾರಿ ಲಾಭ ಮಾಡುವುದು ಸಾಧ್ಯವೇ ಇರಲಿಲ್ಲ. ಅದರ ತೂಕದ ಬಹುಪಾಲು ಸಿಪ್ಪೆ ಮತ್ತು ನೀರು, ದಾರಿಯಲ್ಲಿ ಕೆಡುವುದೂ ಬೇಗ. ಕೊಬ್ಬರಿ ಹಗುರ, ಕೆಡುವುದಿಲ್ಲ, ದೂರ ಹೋದಷ್ಟೂ ಬೆಲೆ ಏರುತ್ತದೆ. ಈ ಸೀಮೆಯಲ್ಲಿ ಒಳ್ಳೆಯ ಎಳನೀರು ಇರಲಿಲ್ಲ ಎಂದಲ್ಲ. ತಿಪಟೂರು ತಾಲ್ಲೂಕಿನ ಹೊನ್ನವಳ್ಳಿಯ ತೆಂಗಿಗೆ ಹತ್ತೊಂಬತ್ತನೆಯ ಶತಮಾನದಲ್ಲೇ ಹೆಸರಿತ್ತು, ಅಲ್ಲಿನ ಗಂಗಾಪಾನಿ ಎಂಬ ಬಗೆಯ ರುಚಿಯನ್ನು ಬಿ. ಎಲ್. ರೈಸ್ ತನ್ನ ಮೈಸೂರು ಗೆಜೆಟಿಯರ್‌ನಲ್ಲಿ ವಿಶೇಷವಾಗಿ ಹೇಳಿದ್ದಾನೆ. ಆದರೆ ಅದನ್ನು ಸವಿಯಬೇಕೆಂದರೆ ಹೊನ್ನವಳ್ಳಿಗೇ ಬರಬೇಕಿತ್ತು. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿ ದಾಟಿ ಹರಿಹರದ ಕಡೆಗೆ ರೈಲು ಹಾಕಿದಾಗ ತಿಪಟೂರು ದಾರಿಯ ಮೇಲಿನ ಊರಾಯಿತು, ಹಳೆಯ ಹೊನ್ನವಳ್ಳಿ ಹಿಂದೆ ಬಿತ್ತು. ರೈಲು ಕೂಡ ಹೊತ್ತದ್ದು ಕೊಬ್ಬರಿಯ ಚೀಲಗಳನ್ನೇ. ಅಂದರೆ ನೂರು ವರ್ಷದ ಹಿಂದಿನ ರೈತ ಕಾದದ್ದು ಅವನ ಗುಣದಿಂದಲ್ಲ. ಅವನ ಕಾಯಿಯನ್ನು ಎಳೆಯದರಲ್ಲೇ ಕೊಳ್ಳುವವರು ಯಾರೂ ಇರಲಿಲ್ಲ. ಕೊಳ್ಳುವವರು ಬಂದ ಮೇಲೆ ಅವನ ಮೊಮ್ಮಗ ಮಾರುತ್ತಿದ್ದಾನೆ. ಇದರಲ್ಲಿ ಅಪರಾಧ ಹುಡುಕುವುದು ಅನ್ಯಾಯ.

ಎಲ್ಲರೂ ಒಂದೇ ರೀತಿ ಕಾಯುತ್ತಿದ್ದರು ಎಂಬುದೂ ನಿಜವಲ್ಲ. ದೊಡ್ಡ ಅಟ್ಟ ಇರುವುದು ದೊಡ್ಡ ಮನೆಯಲ್ಲಿ. ಐವತ್ತು ಅರವತ್ತು ಮರದ ರೈತನಿಗೆ ಮಗಳ ಮದುವೆಯೋ ಬಿತ್ತನೆಯ ಖರ್ಚೋ ಎದುರಾದಾಗ ಅವನು ಹಸಿ ಕಾಯಿಯನ್ನೇ ಪಕ್ಕದ ಸಾಹುಕಾರನಿಗೆ ಕೊಟ್ಟು ಬರುತ್ತಿದ್ದ. ಆ ಕಾಯಿ ಸಾಹುಕಾರನ ಅಟ್ಟದಲ್ಲಿ ಕೊಬ್ಬರಿಯಾಗುತ್ತಿತ್ತು. ಇನ್ನೊಂದು ದಾರಿ ಮಂಡಿಯ ಮುಂಗಡ. ಕೊಬ್ಬರಿ ಅಟ್ಟದಲ್ಲಿರುವಾಗಲೇ ಮಂಡಿಯವರು ದುಡ್ಡು ಕೊಡುತ್ತಿದ್ದರು, ಇಳಿಸಿದಾಗ ಸರಕು ಅದೇ ಮಂಡಿಗೆ ಬರಬೇಕು. ಈ ಮುಂಗಡವನ್ನು ಸುಲಿಗೆ ಎಂದು ಬೈದು ಮುಗಿಸುವುದು ಸುಲಭ. ಬಡ್ಡಿ, ತೂಕ, ಕಳೆ ಎಂದು ಅದರಲ್ಲಿ ಸುಲಿಗೆಗೆ ಜಾಗ ಬೇಕಾದಷ್ಟಿತ್ತು. ಆದರೆ ಸಣ್ಣ ರೈತ ಕಾಯುವುದಕ್ಕೆ ಆಸರೆ ಕೊಟ್ಟದ್ದೂ ಅದೇ ಎಂಬುದನ್ನು ಮರೆಯಬಾರದು. 1939ರ ಮೈಸೂರು ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ, ಆಮೇಲೆ 1966ರ ಕಾಯ್ದೆ ಮಾಡಲು ಹೊರಟದ್ದು ಈ ಗಂಟನ್ನು ಬಿಡಿಸುವ ಕೆಲಸ: ತೂಕ ಸರ್ಕಾರದ ಕಣ್ಣೆದುರು ಆಗಲಿ, ಬೆಲೆ ಬಹಿರಂಗ ಹರಾಜಿನಲ್ಲಿ ಗೊತ್ತಾಗಲಿ, ದಲ್ಲಾಳಿ, ಖರೀದಿದಾರ, ರವಾನೆದಾರ ಎಲ್ಲರೂ ಪರವಾನಗಿಯ ಒಳಗೆ ಬರಲಿ. ತಿಪಟೂರು ಎಪಿಎಂಸಿ ಉಂಡೆ ಕೊಬ್ಬರಿಗೆ ದೇಶದಲ್ಲೇ ಬೆಲೆ ಕಟ್ಟುವ ಮಾರುಕಟ್ಟೆಯಾಗಿ ಬೆಳೆದದ್ದು ಈ ನೆಲೆಯ ಮೇಲೆ. ಕಾಯ್ದೆ ತೂಕವನ್ನೂ ಬೆಲೆಯನ್ನೂ ಬಹುಮಟ್ಟಿಗೆ ಸರಿಮಾಡಿತು. ಕಾಯುವ ಹತ್ತು ತಿಂಗಳಲ್ಲಿ ರೈತನ ಮನೆ ನಡೆಯುವುದು ಹೇಗೆ ಎಂಬುದಕ್ಕೆ ಅದರಲ್ಲಿ ಗಟ್ಟಿ ಉತ್ತರ ಇರಲಿಲ್ಲ. ಅಡಮಾನ ಸಾಲದ ಯೋಜನೆಗಳಿವೆ, ಆದರೆ ಅವು ಗೋದಾಮಿಗೆ ಬಂದ ಸರಕಿಗೆ. ಕೊಬ್ಬರಿಯ ಕಾಯುವಿಕೆ ನಡೆಯುವುದು ಗೋದಾಮಿಗೆ ಬರುವ ಮೊದಲು, ರೈತನ ಸ್ವಂತ ಅಟ್ಟದ ಮೇಲೆ.

ಎಳೆಯದನ್ನು ಮಾರಬೇಕೋ ಬಲಿಯಲು ಬಿಡಬೇಕೋ ಎಂಬ ಈ ಪ್ರಶ್ನೆಯನ್ನು ತೀರಾ ಬೇರೆಯದೊಂದು ಲೋಕ ಬಹಳ ಸ್ಪಷ್ಟವಾಗಿ ಎದುರಿಸಿದೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಪ್ರತಿ ವರ್ಷ ಡ್ರಾಫ್ಟ್ ನಡೆಯುತ್ತದೆ. ಹೊಸ ಹುಡುಗರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ, ಸೋತ ತಂಡಗಳಿಗೆ ಮುಂಚಿನ ಸರದಿ ಸಿಗುವ ಸಾಧ್ಯತೆ ಹೆಚ್ಚು. 2015ರಲ್ಲಿ ಪಂಜಾಬಿನ ಸತ್ನಾಂ ಸಿಂಗ್ 52ನೆಯವನಾಗಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾದದ್ದು ಇದೇ ಡ್ರಾಫ್ಟಿನಲ್ಲಿ. ಅಲ್ಲಿ ಆಟಗಾರರನ್ನು ಮಾತ್ರವಲ್ಲ, ಮುಂದಿನ ವರ್ಷಗಳ ಸರದಿಯನ್ನೂ ತಂಡಗಳು ಈಗಲೇ ಮಾರಬಹುದು. ಕಾಯಿ ಕಚ್ಚುವ ಮೊದಲೇ ಹೊಂಬಾಳೆಯನ್ನು ಮಾರಿದ ಹಾಗೆ. 1980ರಲ್ಲಿ ಕ್ಲೀವ್‌ಲ್ಯಾಂಡ್ ತಂಡವನ್ನು ಕೊಂಡ ಟೆಡ್ ಸ್ಟೆಪಿಯನ್ ಅವಸರದ ಗೆಲುವಿಗಾಗಿ ಸಾಲು ಸಾಲಾಗಿ ಮೊದಲ ಸುತ್ತಿನ ಸರದಿಗಳನ್ನು ಬಿಟ್ಟುಕೊಟ್ಟ. 1983ರಿಂದ 1986ರವರೆಗೆ ನಾಲ್ಕು ವರ್ಷ ಕ್ಲೀವ್‌ಲ್ಯಾಂಡಿಗೆ ಸೇರಬೇಕಿದ್ದ ಸರದಿಯಲ್ಲಿ ಡಲ್ಲಾಸ್ ಆಟಗಾರರನ್ನು ಆರಿಸಿಕೊಂಡಿತು. ಡೆರೆಕ್ ಹಾರ್ಪರ್, ಸ್ಯಾಮ್ ಪರ್ಕಿನ್ಸ್, ಡೆಟ್ಲೆಫ್ ಶ್ರೆಂಫ್, ರಾಯ್ ಟಾರ್ಪ್ಲಿ ಹೀಗೆ ಹೋದವರು. ಲೀಗ್ ಆಗ ಎರಡು ಕೆಲಸ ಮಾಡಿತು. ಮುಂದೆ ಯಾವ ತಂಡವೂ ಒಂದರ ಹಿಂದೊಂದು ಎರಡು ವರ್ಷ ಮೊದಲ ಸುತ್ತಿನ ಸರದಿಯಿಲ್ಲದೆ ಬರಿಗೈಯಾಗಬಾರದು ಎಂಬ ನಿಯಮ ತಂದಿತು, ಅದಕ್ಕೆ ಇವತ್ತಿಗೂ ಸ್ಟೆಪಿಯನ್ ನಿಯಮ ಎಂದೇ ಹೆಸರು. ಎರಡನೆಯದು ಹೆಚ್ಚು ಮುಖ್ಯ: 1983ರಲ್ಲಿ ತಂಡವನ್ನು ಕೊಂಡ ಹೊಸ ಮಾಲೀಕರಿಗೆ ಹೆಚ್ಚುವರಿ ಸರದಿಗಳನ್ನು ಒದಗಿಸಿತು. ಬರೀ ನಿಷೇಧ ಹಾಕಿ ಕೈ ತೊಳೆದುಕೊಂಡಿದ್ದರೆ ಆ ತಂಡ ಇನ್ನಷ್ಟು ಮುಳುಗುತ್ತಿತ್ತು.

ಎಳೆಯದನ್ನು ಮಾರುವುದು ಯಾವಾಗಲೂ ತಪ್ಪೇ ಎಂದು ಇದರಿಂದ ಹೇಳುವಂತಿಲ್ಲ. 2019ರಲ್ಲಿ ಲಾಸ್ ಏಂಜಲಿಸ್ ಲೇಕರ್ಸ್ ತಂಡ ಬ್ರ್ಯಾಂಡನ್ ಇಂಗ್ರಮ್, ಲೋಂಜೊ ಬಾಲ್, ಜಾಶ್ ಹಾರ್ಟ್ ಎಂಬ ಮೂವರು ಎಳೆಯರನ್ನೂ ಮೂರು ಮೊದಲ ಸುತ್ತಿನ ಸರದಿಗಳನ್ನೂ ಕೊಟ್ಟು ಆಗಲೇ ಹೆಸರಾಗಿದ್ದ ಆಂಥನಿ ಡೇವಿಸ್‌ನನ್ನು ತಂದಿತು, ಮರುವರ್ಷವೇ ಲೀಗಿನ ಚಾಂಪಿಯನ್ ಆಯಿತು. ಆ ತಂಡಕ್ಕೆ ಏನು ಕೊಳ್ಳುತ್ತಿದ್ದೇವೆ ಎಂಬುದು ಗೊತ್ತಿತ್ತು, ಮಾರದೆ ಇರುವ ಶಕ್ತಿಯೂ ಇತ್ತು. ಮಾರುವ ಆಯ್ಕೆಗೆ ಬೆಲೆ ಬರುವುದು ಮಾರದಿರುವ ಶಕ್ತಿ ಇದ್ದಾಗ. ನಮ್ಮ ರೈತನ ವಿಷಯದಲ್ಲೂ ನಾನು ಕೇಳುವುದು ಇದೇ: ಎಳನೀರು ಕೊಟ್ಟವನು ಲೆಕ್ಕ ಹಾಕಿ ಕೊಟ್ಟನೋ, ಬೇರೆ ದಾರಿ ಇಲ್ಲದೆ ಕೊಟ್ಟನೋ?

ಲೆಕ್ಕವನ್ನೇ ಹಾಕಿ ನೋಡೋಣ. ಒಂದು ಉಂಡೆ ನೂರರಿಂದ ನೂರಿಪ್ಪತ್ತೈದು ಗ್ರಾಂ ತೂಗುತ್ತದೆ ಎಂದು ಇಟ್ಟುಕೊಂಡರೆ ಕ್ವಿಂಟಲ್‌ಗೆ 800ರಿಂದ 1,000 ಕಾಯಿ ಬೇಕು. ಕ್ವಿಂಟಲ್‌ಗೆ 12,000 ರೂಪಾಯಿ ಇದ್ದರೆ ಕಾಯಿಗೆ 12ರಿಂದ 15 ರೂಪಾಯಿ ಬಿದ್ದಂತಾಯಿತು. ಬೆಲೆ 8,000ಕ್ಕೆ ಇಳಿದರೆ 8ರಿಂದ 10. ಇದರಲ್ಲಿ ಕೆಡವುವ, ಸಾಗಿಸುವ, ಸುಲಿಯುವ, ಒಡೆಯುವ ಕೂಲಿ ಹೋಗಬೇಕು, ಕೌಟಾದದ್ದು ಹೋಗಬೇಕು, ಒಂದು ವರ್ಷದ ಬಡ್ಡಿ ಹೋಗಬೇಕು. ಬೇಸಿಗೆಯಲ್ಲಿ ಎಳನೀರಿಗೆ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಬೆಲೆ ತೋಟದಲ್ಲೇ ಸಿಕ್ಕರೆ, ಮರ ಹತ್ತುವವರನ್ನೂ ಕೊಳ್ಳುವವನೇ ಕರೆತಂದರೆ, ರೈತ ಯಾಕೆ ಕಾಯಬೇಕು? ಮರ ಹತ್ತುವ ಆಳು ಸಿಗದ ಊರುಗಳಲ್ಲಿ ಈ ಅನುಕೂಲ ಚಿಕ್ಕದಲ್ಲ. ನಡುವೆ ಮೂರನೆಯ ದಾರಿಯೂ ಇದೆ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕದೆ ತಿಪಟೂರಿನ ಸುತ್ತಲಿನ ತೆಂಗಿನ ಪುಡಿ ಕಾರ್ಖಾನೆಗಳಿಗೆ ಕೊಡಬಹುದು. ಅದು ಕಾಯುವ ಕಾಲವನ್ನು ಅರ್ಧಕ್ಕೆ ಇಳಿಸುತ್ತದೆ, ಊರಿನಲ್ಲೇ ಒಂದಿಷ್ಟು ಕೆಲಸವನ್ನೂ ಉಳಿಸುತ್ತದೆ.

ಈಗ ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ಕೊಬ್ಬರಿ ಇಟ್ಟುಕೊಳ್ಳುವುದು ಜೂಜಿನ ಹಾಗೆ, ಅದಕ್ಕೆ ಸರ್ಕಾರದ ದುಡ್ಡು ಯಾಕೆ ಸುರಿಯಬೇಕು ಎಂದು ಕೇಳುವವರಿದ್ದಾರೆ. ಬೆಲೆಯ ಏರಿಳಿತ ನೋಡಿದರೆ ಅವರ ಮಾತಿನಲ್ಲಿ ಹುರುಳಿದೆ. 2022ರ ಆರಂಭದಲ್ಲಿ ತಿಪಟೂರಿನಲ್ಲಿ ಕ್ವಿಂಟಲ್‌ಗೆ 16,000 ಮೀರಿದ್ದ ಬೆಲೆ 2023ರಲ್ಲಿ ಅದರ ಅರ್ಧದ ಆಸುಪಾಸಿಗೆ ಕುಸಿಯಿತು. ಆ ವರ್ಷ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಉಂಡೆ ಕೊಬ್ಬರಿಗೆ 11,750 ರೂಪಾಯಿ, 2024ಕ್ಕೆ 12,000. ರಾಜ್ಯ ಸರ್ಕಾರ ಮೇಲೆ ಪ್ರೋತ್ಸಾಹಧನ ಕೊಟ್ಟಿತು. ಆದರೆ ಬೆಂಬಲ ಬೆಲೆ ಕಾಗದದಲ್ಲಿದ್ದರೆ ಸಾಲದು, ಖರೀದಿ ಕೇಂದ್ರದ ಬಾಗಿಲು ತೆರೆಯಬೇಕು. ಸಹಕಾರ ಮಾರಾಟ ಮಹಾಮಂಡಳ ನ್ಯಾಫೆಡ್ ಮೂಲಕ ನಡೆಯುವ ಖರೀದಿಗೆ ಎಕರೆಗೆ ಇಷ್ಟು, ಒಬ್ಬರಿಗೆ ಇಷ್ಟು ಎಂಬ ಮಿತಿ ಇರುತ್ತದೆ. 2024ರ ಆರಂಭದಲ್ಲಂತೂ ಅಕ್ರಮದ ದೂರುಗಳ ನಡುವೆ ರೈತರ ನೋಂದಣಿ ರದ್ದಾಗಿ ಮತ್ತೆ ನಡೆಸಬೇಕಾಯಿತು. ಅಟ್ಟದಿಂದ ಕೊಬ್ಬರಿ ಇಳಿಸಿ ಚೀಲ ತುಂಬಿಟ್ಟವರು ಸಾಲಿನಲ್ಲಿ ನಿಂತದ್ದು ಒಂದಲ್ಲ, ಎರಡು ಸಲ. ಸಾಲ ಕೊಟ್ಟವನು ಬಾಗಿಲಿಗೆ ಬಂದಿರುವಾಗ ತಿಂಗಳುಗಟ್ಟಲೆ ತಡವಾದ ಬೆಂಬಲದಿಂದ ಪ್ರಯೋಜನವಿಲ್ಲ. ಅಂಥ ರೈತ ಸಿಕ್ಕ ಬೆಲೆಗೆ ಮಂಡಿಗೆ ಹಾಕಿ ಬರುತ್ತಾನೆ, ಕಾಯಬಲ್ಲವನ ಸರಕು ಮಾತ್ರ ಬೆಂಬಲ ಬೆಲೆ ಮುಟ್ಟುತ್ತದೆ. ಹೀಗೆ ಸಣ್ಣವರಿಗೆಂದು ಮಾಡಿದ ವ್ಯವಸ್ಥೆ ಮತ್ತೆ ದೊಡ್ಡ ಅಟ್ಟದವರ ಕೈಗೇ ಹೋಗುತ್ತದೆ.

ಮುಂದೆ ಆದದ್ದನ್ನು ಗಮನಿಸಿ. 2025ರಲ್ಲಿ ಬೆಲೆ 20,000 ದಾಟಿ ಮೇಲಕ್ಕೆ ಹೋಯಿತು. ಕಾಯಿಯ ಇಳುವರಿ ಕುಗ್ಗಿತ್ತು, ಬಿಳಿ ನೊಣ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ ತೋಟಗಳನ್ನು ಹಿಂಡಿದ್ದವು, ಎಳನೀರಿಗೆ ಹೋದ ಕಾಯಿ ಕೊಬ್ಬರಿಯಾಗಿ ಬರಲಿಲ್ಲ. ಬೆಲೆ ಏರಿದಾಗ ಅಟ್ಟದಲ್ಲಿ ಕಾಯಿ ಇದ್ದವರು ಬದುಕಿಕೊಂಡರು. ಆದರೆ 2023ರ ಪೆಟ್ಟು ತಿಂದವರಲ್ಲಿ ಬಹಳ ಜನ ಅಷ್ಟರಲ್ಲಿ ಎಳನೀರಿಗೆ ತಿರುಗಿಕೊಂಡಿದ್ದರು. ಜೂಜು ಎನ್ನುವವರಿಗೆ ನನ್ನ ಉತ್ತರ ಇಲ್ಲಿದೆ. ಮೂರೇ ವರ್ಷದಲ್ಲಿ ಬೆಲೆ ಅರ್ಧಕ್ಕಿಳಿದು ಎರಡೂವರೆ ಪಟ್ಟು ಏರುವ ಸರಕನ್ನು ಒಬ್ಬೊಬ್ಬ ರೈತನ ಹೆಗಲಿಗೇ ಬಿಟ್ಟರೆ ಅದು ಜೂಜೇ ಆಗುತ್ತದೆ. ತಳದ ಬೆಲೆ ಗಟ್ಟಿಯಾಗಿದ್ದರೆ, ಅಟ್ಟದಲ್ಲಿರುವ ಕಾಯಿಯ ಮೇಲೆ ಸಹಕಾರ ಸಂಘ ಸಾಲ ಕೊಡುವಂತಿದ್ದರೆ, ಅದು ಜೂಜಾಗಿ ಉಳಿಯುವುದಿಲ್ಲ, ವ್ಯವಸಾಯವಾಗುತ್ತದೆ. ಬೆಂಬಲ ಬೆಲೆಯಿಂದ ಅತಿಯಾದ ಬೆಳೆ ಬರುತ್ತದೆ ಎಂಬ ಇನ್ನೊಂದು ವಾದ ಭತ್ತ, ಗೋಧಿಗೆ ಒಪ್ಪಬಹುದು. ಈ ವರ್ಷದ ಬೆಂಬಲ ಬೆಲೆ ನೋಡಿ ಈ ವರ್ಷ ತೆಂಗಿನ ಕಾಯಿ ಹೆಚ್ಚಿಸಲು ಯಾರಿಗೂ ಆಗುವುದಿಲ್ಲ. ನ್ಯಾಫೆಡ್ ತನ್ನ ದಾಸ್ತಾನನ್ನು ಹೊಸ ಕೊಬ್ಬರಿ ಬರುವ ಹೊತ್ತಿಗೇ ಬಿಟ್ಟು ಬೆಲೆ ಕೆಡಿಸುತ್ತದೆ ಎಂಬ ರೈತರ ದೂರನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಬೇಕು. ಕೊಳ್ಳುವ ವೇಳೆಯಷ್ಟೇ ಮಾರುವ ವೇಳೆಯೂ ಬೆಂಬಲದ ಭಾಗ.

ಎಳನೀರು ಕೀಳುವುದನ್ನೇ ತಡೆಯಬೇಕು ಎನ್ನುವ ಮಾತೂ ಆಗಾಗ ಕೇಳಿಬರುತ್ತದೆ. ಅದನ್ನು ನಾನು ಪೂರ್ತಿ ವಿರೋಧಿಸುತ್ತೇನೆ. ಕ್ಲೀವ್‌ಲ್ಯಾಂಡಿನ ಮಾಲೀಕ ಶ್ರೀಮಂತ ಉದ್ಯಮಿ, ಅವನನ್ನು ನಿಯಮದಿಂದ ಕಟ್ಟಿಹಾಕಬಹುದಿತ್ತು. ಎರಡೆಕರೆ ತೋಟದವನ ಕೈ ಕಟ್ಟಿದರೆ ಅವನ ಒಲೆ ಆರುತ್ತದೆ.

ಇದಕ್ಕಿಂತ ದೀರ್ಘವಾದ ಕಾಯುವಿಕೆಯ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ, ಅದು ಮರದ್ದು. ಈ ಸೀಮೆಯ ಹೆಸರೇ ಹೊತ್ತ ತಿಪಟೂರು ಎತ್ತರದ ತಳಿ ಫಲ ಕೊಡಲು ಆರೇಳು ವರ್ಷ ಬೇಕು, ಮಳೆ ಕೈಕೊಟ್ಟರೆ ಇನ್ನೂ ಹೆಚ್ಚು. ಗಿಡ್ಡ ತಳಿಗಳೂ ಮಿಶ್ರ ತಳಿಗಳೂ ಮೂರು ನಾಲ್ಕು ವರ್ಷಕ್ಕೇ ಹೊಂಬಾಳೆ ಬಿಡುತ್ತವೆ, ಗಿಡ್ಡ ತಳಿಯ ಕಾಯಿ ಎಳನೀರಿಗೆ ಹೇಳಿ ಮಾಡಿಸಿದ್ದು, ಆದರೆ ಅದರ ಕೊಬ್ಬರಿ ಚೆನ್ನಾಗಿ ಬರುವುದಿಲ್ಲ. ಆದ್ದರಿಂದ ಸಸಿ ನೆಡುವ ದಿನವೇ ರೈತ ಎಳನೀರೋ ಕೊಬ್ಬರಿಯೋ ಎಂಬುದನ್ನು ಮುಂದಿನ ಅರವತ್ತು ವರ್ಷಕ್ಕೆ ಬಹುಮಟ್ಟಿಗೆ ನಿರ್ಧರಿಸಿಬಿಟ್ಟಿರುತ್ತಾನೆ. ಹಿಂದಿನವರ ನಿಜವಾದ ಜಾಣತನ ಇದ್ದದ್ದು ಇಲ್ಲಿ. ವರ್ಷವರ್ಷವೂ ತಪ್ಪದೆ ಫಲ ಕೊಡುವ, ಬರಕ್ಕೆ ಜಗ್ಗದ ತಾಯಿ ಮರ ಗುರುತಿಸಿ, ಅದರ ಬಲಿತ ಕಾಯಿಯನ್ನೇ ಬೀಜಕ್ಕೆ ಇಟ್ಟು, ಪಾತಿಯಲ್ಲಿ ಬೇಗ ಮೊಳೆತ, ಬುಡ ದಪ್ಪಗಿರುವ ಸಸಿಯನ್ನು ಉಳಿಸಿ ಉಳಿದದ್ದನ್ನು ಬಿಡುತ್ತಿದ್ದರು. ಕಾಸರಗೋಡಿನಲ್ಲಿ 1916ರಲ್ಲಿ ಶುರುವಾದ ತೆಂಗು ಸಂಶೋಧನಾ ಕೇಂದ್ರ, ಈಗಿನ ಸಿಪಿಸಿಆರ್‌ಐ, ಸಸಿಯ ಆಯ್ಕೆಗೆ ಹೇಳುವ ಗುರುತುಗಳೂ ಇವೇ: ಒಂಬತ್ತರಿಂದ ಹನ್ನೆರಡು ತಿಂಗಳ ಸಸಿಗೆ ಕನಿಷ್ಠ ಆರು ಎಲೆ, ಬುಡದ ಸುತ್ತಳತೆ ಹತ್ತು ಸೆಂಟಿಮೀಟರ್. ತಿಪಟೂರು ತಳಿಯಿಂದಲೇ ಆರಿಸಿ ತೆಗೆದ ಕಲ್ಪತರು ತಳಿಯನ್ನು ಉಂಡೆ ಕೊಬ್ಬರಿಗೆ, ಒಣ ಹವೆಗೆ ಒಗ್ಗುವುದೆಂದು ಬಿಡುಗಡೆ ಮಾಡಲಾಗಿದೆ, ಪಕ್ಕದ ಅರಸೀಕೆರೆಯಲ್ಲಿ ತೆಂಗಿನ ಸಂಶೋಧನೆ ನಡೆದೇ ಇದೆ. ತಳಿ ಇದೆ, ಜ್ಞಾನ ಇದೆ. ರೋಗ ಬಂದು ಸತ್ತ ಮರ ಕಡಿದು ಸಸಿ ನೆಟ್ಟವನು ಏಳು ವರ್ಷ ಏನು ತಿನ್ನಬೇಕು ಎಂಬುದಕ್ಕೆ ಈಗ ಇರುವ ಒಂದೇ ಉತ್ತರ ಸಾಲಿನ ನಡುವೆ ಬಾಳೆ, ಅಡಿಕೆ, ರಾಗಿ. ಅದರಲ್ಲಿ ಅಡಿಕೆ ಲಾಭಕ್ಕೆ ಬಂದ ಕಡೆ ತೆಂಗಿನ ಸಸಿ ಮೂಲೆಗೆ ಸರಿಯುತ್ತದೆ.

ರೋಗಕ್ಕೆ ಮರ ಕಳೆದುಕೊಂಡವನಿಗೆ ಪರಿಹಾರ ಕೊಡುವಾಗ ಮರದ ಲೆಕ್ಕ ಹಾಕುತ್ತಾರೆ, ಹೊಸ ಮರ ಫಲಕ್ಕೆ ಬರುವವರೆಗಿನ ವರ್ಷಗಳ ಲೆಕ್ಕ ಹಾಕುವುದಿಲ್ಲ. ಆ ವರ್ಷಗಳಿಗೆ ಎಕರೆವಾರು ಜೀವನಾಂಶ, ಅಟ್ಟದಲ್ಲಿರುವ ಕಾಯಿಗೆ ಸಂಘದ ಸಾಲ, ಕೊಬ್ಬರಿ ಇಳಿಯುವ ತಿಂಗಳಿಗೆ ಸರಿಯಾಗಿ ತೆರೆಯುವ ಖರೀದಿ ಕೇಂದ್ರ: ಈ ಮೂರಕ್ಕೂ ದುಡ್ಡು ಬೇಕು. ಆ ದುಡ್ಡನ್ನು ರೈತರ ತಾಳ್ಮೆಯಿಂದ ವಸೂಲು ಮಾಡಿಕೊಂಡು ಈ ಸೀಮೆ ನೂರು ವರ್ಷ ನಡೆಯಿತು. ಇನ್ನು ಅದು ತಾಲ್ಲೂಕಿನ ಸಹಕಾರ ಸಂಘದ, ರಾಜ್ಯದ ಬಜೆಟ್ಟಿನ ಲೆಕ್ಕದಲ್ಲಿ ಕಾಣಿಸಿಕೊಳ್ಳಬೇಕು.